ಲಂಡನ್ನಿನ ಒಂಬತ್ತು ಕಾಗದಗಳು

ರಾಜಾಜಿನಗರದ ಆ ಬೀದಿಯಲ್ಲಿ ಆಗ ಇದ್ದದ್ದು ಹನ್ನೊಂದೇ ಮನೆ. ಮಿಕ್ಕದ್ದೆಲ್ಲ ನಂಬರು ಕಲ್ಲು ನೆಟ್ಟು ಬಿಟ್ಟಿದ್ದ ಖಾಲಿ ಸೈಟುಗಳು. ಆ ಕಲ್ಲುಗಳ ನಡುವೆ ಕೇತಮಾರನಹಳ್ಳಿಯ ದನಗಳು ಮೇಯುತ್ತಿದ್ದವು. ಅಂಚೆಯವನು ದಿನಾ ಬರುತ್ತಿರಲಿಲ್ಲ. ಬಂದು ಅಂಬುಜಳ ಮನೆಯ ಮುಂದೆ ಸೈಕಲ್ಲಿನ ಗಂಟೆ ಬಾರಿಸಿದನೆಂದರೆ ಲಂಡನ್ನಿನ ಕಾಗದ ಬಂದಿದೆಯೆಂದು ಹನ್ನೊಂದು ಮನೆಗೂ ಗೊತ್ತಾಗುತ್ತಿತ್ತು.

ಅಂಬುಜಳ ಗಂಡ ಪದ್ಮನಾಭ ಯಂತ್ರ ತಯಾರಿಸುವ ಕಾರ್ಖಾನೆಯೊಂದರಲ್ಲಿ ನಕ್ಷೆ ಬರೆಯುವ ಕೆಲಸದಲ್ಲಿದ್ದ. ಐವತ್ತೈದನೆಯ ಇಸವಿಯ ಆಗಸ್ಟಿನಲ್ಲಿ ಕಾರ್ಖಾನೆಯವರು ಅವನನ್ನು ಹತ್ತು ತಿಂಗಳ ತರಬೇತಿಗೆಂದು ಲಂಡನ್ನಿಗೆ ಕಳಿಸಿದರು. ಮನೆಯಲ್ಲಿ ಉಳಿದವರು ಅಂಬುಜ ಮತ್ತು ಮಾವ ರಾಮಯ್ಯ ಮೇಷ್ಟ್ರು. ಮೂವತ್ತೆರಡು ವರ್ಷ ಮಾಗಡಿ ಕಡೆಯ ಹಳ್ಳಿಗಳಲ್ಲಿ ಪಾಠ ಹೇಳಿದ ಮೇಷ್ಟ್ರಿಗೆ ಈಗ ಎರಡೂ ಕಣ್ಣಿಗೆ ಪೊರೆ. ಮುಖದ ಹತ್ತಿರ ಹಿಡಿದರೂ ಅಕ್ಷರ ಕಾಣುತ್ತಿರಲಿಲ್ಲ. ಮಗನ ಕಾಗದ ಓದುವ ಕೆಲಸ ಹಾಗಾಗಿ ಸೊಸೆಯದಾಯಿತು. ಮೇಷ್ಟ್ರು ಹೇಳಿದ ಉತ್ತರ ಬರೆಯುವುದೂ ಅವಳದೇ.

ಅಂಬುಜ ನೀಲಿ ಕಾಗದವನ್ನು ಈಳಿಗೆಮಣೆಯ ಅಲಗಿಗೆ ಹಿಡಿದು ಬಿಡಿಸುವಷ್ಟರಲ್ಲಿ ಜಗಲಿ ತುಂಬಿರುತ್ತಿತ್ತು. ಪಕ್ಕದ ಮನೆಯ ಗುಮಾಸ್ತೆ ಲಕ್ಷ್ಮೀಪತಿ ರಜೆಯ ದಿನವಾದರೆ ಕುರ್ಚಿಯನ್ನೇ ಹೊತ್ತು ತರುತ್ತಿದ್ದರು. ಅವರ ಮಗಳು ತುಂಗಾ ದೊಡ್ಡಾಸ್ಪತ್ರೆಯೊಂದರಲ್ಲಿ ನರ್ಸು. ರಾತ್ರಿಯ ಪಾಳಿ ಮುಗಿಸಿ ಬಂದವಳು ನಿದ್ದೆಗಣ್ಣಲ್ಲೇ ಬಂದು ಕಂಬಕ್ಕೆ ಒರಗುತ್ತಿದ್ದಳು. ಸೊಪ್ಪು ಮಾರುವ ಬೋರಮ್ಮ ಬುಟ್ಟಿ ಇಳಿಸಿ, ಮೆಟ್ಟಿಲ ಕೆಳಗೆ, ನೆಲದ ಮೇಲೆ ಕೂರುತ್ತಿದ್ದಳು. ಅವಳು ಮೆಟ್ಟಿಲು ಹತ್ತಿದ್ದನ್ನು ಯಾರೂ ನೋಡಿರಲಿಲ್ಲ; ಹತ್ತಿ ಬಾ ಎಂದು ಯಾರೂ ಹೇಳಿರಲಿಲ್ಲ.

ಮೊದಲ ಎರಡು ಕಾಗದ ಓದಲು ಹಬ್ಬದಂತಿದ್ದವು. ಅಲ್ಲಿ ಬಸ್ಸಿಗೆ ಜನ ಒಬ್ಬರ ಹಿಂದೆ ಒಬ್ಬರು ಸಾಲಾಗಿ ನಿಲ್ಲುತ್ತಾರಂತೆ, ಮಳೆ ಬಂದರೂ ಸಾಲು ಬಿಡುವುದಿಲ್ಲವಂತೆ. ಕಾಲು ತುಳಿದವನೂ ಕ್ಷಮಿಸಿ ಅನ್ನುತ್ತಾನೆ, ತುಳಿಸಿಕೊಂಡವನೂ ಕ್ಷಮಿಸಿ ಅನ್ನುತ್ತಾನೆ. ನೆಲದ ಕೆಳಗಿನ ರೈಲಿನಲ್ಲಿ ನೂರು ಜನ ಕೂತಿದ್ದರೂ ಉಸಿರು ಬಿಡುವ ಸದ್ದು ಕೇಳುತ್ತದೆ. ಯಾವೂರು, ಏನು ಕೆಲಸ, ಮಕ್ಕಳೆಷ್ಟು ಎಂದು ಯಾರೂ ಕೇಳುವುದಿಲ್ಲ. ಮಾತಾಡಲೇಬೇಕೆಂದರೆ ಮೋಡದ ವಿಷಯ ಮಾತಾಡುತ್ತಾರೆ.

"ಮಕ್ಕಳೆಷ್ಟು ಅಂತ್ಲೂ ಕೇಳಲ್ವಾ?" ಎಂದು ಲಕ್ಷ್ಮೀಪತಿ ಬೆರಗಾದರು. "ಹಾಗಾದ್ರೆ ಅವರಿಗೆ ಹೊತ್ತು ಹೇಗ್ರೀ ಹೋಗುತ್ತೆ?"

ಮೇಷ್ಟ್ರು ಅದನ್ನು ಶಿಸ್ತು ಎಂದರು. ಸಾಲಾಗಿ ನಿಲ್ಲುವ ಭಾಗವನ್ನು ಇನ್ನೊಂದು ಸಲ ಓದಿಸಿಕೊಂಡರು.

ಮೂರನೆಯ ಕಾಗದ ಬಂದದ್ದು ದೀಪಾವಳಿ ಕಳೆದ ಮೇಲೆ. ಎಂದಿನಂತೆ ಅಂಬುಜ ಮೊದಲು ತಾನು ನೋಡಿಕೊಳ್ಳದೆ ನೇರ ಓದಲು ಕೂತಳು. "ನಾನಿದ್ದ ವಿದ್ಯಾರ್ಥಿನಿಲಯದಲ್ಲಿ ಎರಡು ತಿಂಗಳಿಗಿಂತ ಹೆಚ್ಚು ಇರಗೊಡುವುದಿಲ್ಲ. ಆದ್ದರಿಂದ ಭಾನುವಾರ ಬಾಡಿಗೆಗೆ ಕೋಣೆ ಹುಡುಕಲು ಹೊರಟೆ" ಎಂದು ಓದಿದಳು. ಮುಂದಿನ ಸಾಲಿಗೆ ಕಣ್ಣು ಹೋಯಿತು. ಬಾಯಿ ನಿಂತಿತು.

ಪದ್ಮನಾಭ ಬರೆದಿದ್ದ: 'ಒಂದು ಮನೆಯ ಕಿಟಕಿಯಲ್ಲಿ ಕೋಣೆ ಇದೆಯೆಂದು ಚೀಟಿ ಇತ್ತು. ಗಂಟೆ ಒತ್ತಿದೆ. ಬಾಗಿಲು ತೆಗೆದ ಹೆಂಗಸು ಬಹಳ ಮರ್ಯಾದೆಯಿಂದ, ಈಗ ತಾನೇ ಕೊಟ್ಟುಬಿಟ್ಟೆ, ಕ್ಷಮಿಸಿ ಎಂದಳು. ನಾನು ಥ್ಯಾಂಕ್ಸ್ ಹೇಳಿ ಬಂದೆ. ಮಾರನೆಯ ದಿನ ನೋಡಿದರೆ ಚೀಟಿ ಅಲ್ಲೇ ಇದೆ. ಪಾಪ, ತೆಗೆಯಲು ಮರೆತಿದ್ದಾಳೆಂದು ನಾನೇ ಗಂಟೆ ಒತ್ತಿ ನೆನಪು ಮಾಡಿದೆ. ಅವಳ ಮುಖ ಕೆಂಪಾಯಿತು. ಆಗಲೂ ನನಗೆ ತಿಳಿಯಲಿಲ್ಲ ಅಂಬುಜಾ. ಮೂರನೆಯ ಬೀದಿಯಲ್ಲಿ ಒಂದು ಚೀಟಿಯಲ್ಲಿ ನಮ್ಮ ಬಣ್ಣದವರು ಬೇಡ ಎಂದು ಸ್ಪಷ್ಟವಾಗಿ ಬರೆದಿತ್ತು. ಆಗ ತಿಳಿಯಿತು. ಬರೆದಿಟ್ಟವರೇ ವಾಸಿ, ಗಂಟೆ ಒತ್ತುವ ಕೆಲಸ ಉಳಿಯುತ್ತದೆ. ಅಪ್ಪನಿಗೆ ಇದನ್ನು ಓದಿ ಹೇಳು.'

"ಯಾಕಮ್ಮ ನಿಲ್ಲಿಸಿದೆ?" ಎಂದರು ಮೇಷ್ಟ್ರು.

"ಮಸಿ ಹರಡಿದೆ ಮಾವ."

ಜಗಲಿಯ ಮೇಲೆ ಎಂಟು ಹತ್ತು ಮುಖ. ಲಕ್ಷ್ಮೀಪತಿ ಕುರ್ಚಿಯ ಅಂಚಿಗೆ ಬಂದು ಕೂತಿದ್ದರು. ಈ ಜನರ ಮುಂದೆ ತನ್ನ ಗಂಡ ಆ ಬಾಗಿಲಲ್ಲಿ ನಿಲ್ಲುವುದು ಅಂಬುಜಳಿಗೆ ಬೇಡವಾಯಿತು. ಅಷ್ಟೇ ಅವಳಿಗೆ ಆ ಗಳಿಗೆಯಲ್ಲಿ ತೋಚಿದ್ದು. ಕಾಗದವನ್ನು ಕಣ್ಣಿಗೆ ಹತ್ತಿರ ಹಿಡಿದು, ಇಲ್ಲದ ಸಾಲುಗಳನ್ನು ಓದತೊಡಗಿದಳು. "ಮೊದಲನೇ ಮನೆಯಲ್ಲೇ ಕೋಣೆ ಸಿಕ್ಕಿತು. ಮನೆಯ ಯಜಮಾನಿ ವಯಸ್ಸಾದವಳು. ನೀವು ಮಾಂಸ ತಿನ್ನುವುದಿಲ್ಲವೆಂದು ಕೇಳಿದ್ದೇನೆ, ಹಾಲು ಎಷ್ಟು ಬೇಕು ಎಂದು ವಿಚಾರಿಸಿದಳು."

"ನೋಡಿದ್ರಾ!" ಎಂದರು ಲಕ್ಷ್ಮೀಪತಿ.

ಕೆಳಗಿನಿಂದ ಬೋರಮ್ಮ ಕೇಳಿದಳು: "ಅಮ್ಮಾವ್ರೇ, ಅಲ್ಲಿ ನಮ್ ಚಿಕ್ಕಯ್ನೋರ್ನ ಮನೆ ಒಳೀಕೆ ಬುಟ್ಕತಾರಾ?"

ಅವಳು ಸುಮ್ಮನೆ ಕೇಳಿದ್ದು. ಅವಳಿಗೆ ಅದು ತಿಳಿದುಕೊಳ್ಳಬೇಕಾದ ವಿಷಯವಾಗಿತ್ತು, ಅಷ್ಟೆ. ಅಂಬುಜ ಕಾಗದ ಮಡಿಸತೊಡಗಿದಳು. "ಬಿಟ್ಕೋತಾರೆ ಬೋರಮ್ಮ" ಎಂದಳು. ಆಮೇಲೆ ಬೋರಮ್ಮ ನೀರು ಕೇಳಿದಾಗ ಅವಳ ಬೊಗಸೆಗೆ ಎಂದಿನಂತೆ ಮೇಲಿನಿಂದ ಸುರಿದಳು. ಸುರಿಯುವಾಗ ಅವಳ ಮುಖ ನೋಡಲಾಗಲಿಲ್ಲ.

ಅಂದು ಸಂಜೆ ಮೇಷ್ಟ್ರು ಉತ್ತರ ಬರೆಸಿದರು. "ಆ ಯಜಮಾನಿಗೆ ನನ್ನ ಆಶೀರ್ವಾದ ತಿಳಿಸು ಅಂತ ಬರಿ. ಪರದೇಶದಲ್ಲಿ ನಿನಗೆ ಇಂಥ ಸೌಜನ್ಯ ಸಿಕ್ಕಿದ್ದು ನಿಮ್ಮಮ್ಮನ ಪುಣ್ಯ ಅಂತ ಬರಿ." ಅಂಬುಜ ಹೂಂ ಅನ್ನುತ್ತಾ ಬೇರೆಯೇ ಬರೆದಳು. ಅಪ್ಪ ಚೆನ್ನಾಗಿದ್ದಾರೆ, ಕಣ್ಣಿಗೆ ಔಷಧಿ ಹಾಕುತ್ತಿದ್ದೇವೆ, ಬೀದಿಗೆ ಇನ್ನೊಂದು ನಲ್ಲಿ ಹಾಕಿದ್ದಾರೆ. ಕೊನೆಯಲ್ಲಿ ತನ್ನದಾಗಿ, 'ನೀವು ಬರೆದದ್ದು ಓದಿದೆ. ಮೈ ಜೋಪಾನ' ಎಂದು ಸೇರಿಸಿದಳು. ಇನ್ನೇನು ಬರೆಯಬೇಕೋ ಗೊತ್ತಾಗಲಿಲ್ಲ.

ಆಮೇಲಿನ ಕಾಗದಗಳನ್ನು ಅವಳು ಮೊದಲು ಅಡಿಗೆಮನೆಯಲ್ಲಿ ಒಬ್ಬಳೇ ಓದಿಕೊಂಡು ಬರುತ್ತಿದ್ದಳು. ನಾಲ್ಕನೆಯದರಲ್ಲಿ ಆರ್ಥರ್ ಎಂಬವನ ಸುದ್ದಿ ಇತ್ತು. ಕಾರ್ಖಾನೆಯಲ್ಲಿ ಪದ್ಮನಾಭನ ಪಕ್ಕದ ಮೇಜಿನವನು. ಒಟ್ಟಿಗೆ ಟೀ ಕುಡಿಯುವವನು, ಮಗಳ ಫೋಟೋ ತೋರಿಸಿದವನು. ಶನಿವಾರ ಸಂತೆಯಲ್ಲಿ ಹೆಂಡತಿಯ ಜೊತೆ ಎದುರು ಸಿಕ್ಕಾಗ ಪದ್ಮನಾಭ ಕೈಯೆತ್ತಿದ. ಆರ್ಥರ್ ಅವನನ್ನು ದಾಟಿ ಹಿಂದಿದ್ದ ಗೋಡೆ ನೋಡಿದ. ಸೋಮವಾರ ಮತ್ತೆ ಟೀ, ಮತ್ತೆ ನಗು. 'ಕಾರ್ಖಾನೆಯ ಸ್ನೇಹ ಕಾರ್ಖಾನೆಯಲ್ಲೇ ಬಿಟ್ಟುಹೋಗುವುದು ಇಲ್ಲಿಯ ಪದ್ಧತಿಯೇನೋ. ಕೇಳೋಣವೆಂದರೆ, ಕೇಳುವುದೂ ಇಲ್ಲಿಯ ಪದ್ಧತಿಯಲ್ಲ' ಎಂದು ಬರೆದಿದ್ದ. ಐದನೆಯದರಲ್ಲಿ ಕೋಣೆಯ ಕಥೆ ಮುಂದುವರಿದಿತ್ತು. ಫೋನಿನಲ್ಲಿ ಒಪ್ಪಿಕೊಂಡ ಮನೆಯಾಕೆ, ಇವನು ಟ್ರಂಕು ಹೊತ್ತು ಹೋಗಿ ನಿಂತಾಗ ಮುಖ ನೋಡಿ ಮಾತಿಲ್ಲದೆ ಬಾಗಿಲು ಹಾಕಿದ್ದಳು. ಅದರ ಕೆಳಗೇ ಹಿಮದ ವಿಷಯ ಬರೆದಿದ್ದ. ಪ್ರತಿ ಕಾಗದದ ಕೊನೆಗೂ ಅದೇ ಮಾತು: ಅಪ್ಪನಿಗೆ ಓದಿ ಹೇಳು.

ಅಂಬುಜ ಜಗಲಿಗೆ ಬಂದು ಹಿಮವನ್ನು ಓದುತ್ತಿದ್ದಳು. ಬಾಗಿಲು ಹಾಕಿದ ಕಡೆ ಬಾಗಿಲು ತೆಗೆಸುತ್ತಿದ್ದಳು. ಆರ್ಥರ್ ಅವಳ ಬಾಯಲ್ಲಿ ಪದ್ಮನಾಭನನ್ನು ಮನೆಗೆ ಕರೆದು ಊಟಕ್ಕೆ ಕೂರಿಸಿದ. ಬಸ್ಸಿನಲ್ಲಿ ಒಬ್ಬ ದೊಡ್ಡ ಮನುಷ್ಯ, ಟೋಪಿ ತೆಗೆದು, ದೂರದಿಂದ ಬಂದವರು ಕೂತುಕೊಳ್ಳಿ ಎಂದು ತನ್ನ ಜಾಗ ಬಿಟ್ಟುಕೊಟ್ಟ. ಮೊದಮೊದಲು ಅವಳು ಒಂದೊಂದು ಸಾಲಿಗೂ ತಡಕಾಡುತ್ತಿದ್ದಳು. ಬರುಬರುತ್ತಾ ಸಲೀಸಾಯಿತು. ಜನ ಬಾಯಿಬಿಟ್ಟು ಕೇಳುವಾಗ ಒಳಗೊಳಗೇ ಒಂದು ಹಿತವೂ ಆಗುತ್ತಿತ್ತು. ಅದು ನೆನಪಾದರೆ ರೊಟ್ಟಿ ತಟ್ಟುತ್ತಿದ್ದ ಕೈ ನಿಂತುಬಿಡುತ್ತಿತ್ತು. ನಿಜವಾದ ಕಾಗದಗಳನ್ನು ಅವಳು ಒಣಮೆಣಸಿನಕಾಯಿಯ ಡಬ್ಬಿಯ ತಳದಲ್ಲಿ ಇಟ್ಟಿದ್ದಳು. ಅಲ್ಲಿಗೆ ಮಾವ ಕೈಹಾಕುವುದಿಲ್ಲ.

ಫೆಬ್ರವರಿಯ ಒಂದು ಭಾನುವಾರ ಲಕ್ಷ್ಮೀಪತಿ ಕುರ್ಚಿಯಿಲ್ಲದೆ ಬಂದರು. ಕೈಯಲ್ಲಿ ಬಾಳೆಹಣ್ಣು, ಸಕ್ಕರೆ.

"ಮೇಷ್ಟ್ರೇ, ತುಂಗಂಗೆ ಲಂಡನ್ ಆಸ್ಪತ್ರೆಯಿಂದ ಬಾ ಅಂತ ಬಂದಿದೆ. ಎರಡು ವರ್ಷ ಅಲ್ಲೇ ಕಲೀಬೇಕು. ಮೂರು ತಿಂಗಳಿಂದ ನಾನು ಬೇಡ ಅಂತಿದ್ದೆ. ಒಂಟಿ ಹೆಣ್ಣು, ಗೊತ್ತಿಲ್ಲದ ಊರು. ನಿಮ್ಮನೆ ಕಾಗದ ಕೇಳ್ತಾ ಕೇಳ್ತಾ ಧೈರ್ಯ ಬಂತು ನೋಡಿ. ಅಂಥ ಜನರ ನಡುವೆ ಇರೋಕೆ ಹೆದರಿಕೆ ಏನು? ಹೋಗಿ ಬಾ ಅಂದ್ಬಿಟ್ಟೆ."

ಮೇಷ್ಟ್ರು ಸಂತೋಷದಿಂದ ಕೈ ಮುಗಿದರು. "ಅಂಬುಜಾ, ಕಾಫಿ ತಗೊಂಬಾಮ್ಮ" ಎಂದರು.

ಅಂಬುಜ ಒಲೆಯ ಮುಂದೆ ಕೂತವಳು ಏಳಲಿಲ್ಲ. ಹಾಲು ಉಕ್ಕಿ ಬೆಂಕಿಗೆ ಬಿತ್ತು. ಗಂಡನ ಮಾನ ಕಾಯುತ್ತೇನೆಂದು ಹೇಳಿದ ಸುಳ್ಳನ್ನು ನಂಬಿ ಒಂದು ಹೆಣ್ಣು ಹಡಗು ಹತ್ತಲಿತ್ತು. ಮೂರು ದಿನ ಅವಳಿಗೆ ಅನ್ನ ಸೇರಲಿಲ್ಲ. ಮಾವನಿಗೆ ಹೇಳೋಣವೆಂದರೆ ಬಾಯಿ ಬರಲಿಲ್ಲ. ಲಕ್ಷ್ಮೀಪತಿಗೆ ಹೇಳೋಣವೆಂದು ಬೇಲಿಯ ತನಕ ಹೋಗಿ ಎರಡು ಸಲ ವಾಪಸು ಬಂದಳು. ನಾಲ್ಕನೆಯ ದಿನ ಮಧ್ಯಾಹ್ನ, ಮೇಷ್ಟ್ರು ಮಲಗಿದ್ದಾಗ, ತುಂಗಾಳನ್ನು ಹಿತ್ತಲಿಗೆ ಕರೆದು ಡಬ್ಬಿಯಿಂದ ಆರೂ ಕಾಗದ ತೆಗೆದು ಕೊಟ್ಟಳು.

"ಇದನ್ನ ಓದು. ಆಮೇಲೆ ನನ್ನ ಏನು ಬೇಕಾದ್ರೂ ಅನ್ನು."

ತುಂಗಾ ಒಗೆಯುವ ಕಲ್ಲಿನ ಮೇಲೆ ಕೂತು ಓದಿದಳು. ಮೆಣಸಿನಕಾಯಿಯ ಘಾಟಿಗೆ ಎರಡು ಸಲ ಸೀನಿದಳು. ಓದಿ ಮುಗಿಸಿ, ಒಂದರ ಮೇಲೊಂದು ಜೋಡಿಸಿ, ಮಡಿಲಲ್ಲಿ ಇಟ್ಟುಕೊಂಡಳು.

"ಮತ್ತೆ ಆ ಟೋಪಿ ತೆಗೆದ ದೊಡ್ಡ ಮನುಷ್ಯ?" ಎಂದಳು.

"ಇಲ್ಲ ಕಣೇ."

"ನಾನು ಅವನನ್ನ ತುಂಬ ನಂಬಿದ್ದೆ ಅಂಬುಜಕ್ಕ."

ಅಂಬುಜ ಸೆರಗಿನಿಂದ ಕಣ್ಣು ಒತ್ತಿಕೊಂಡಳು. "ಹೋಗಬೇಡ ತುಂಗಾ. ನಾನೇ ನಿಮ್ಮಪ್ಪನ ಹತ್ರ ಹೇಳ್ತೀನಿ, ತಪ್ಪಾಯ್ತು ಅಂತೀನಿ."

"ಹೇಳಬೇಡಿ." ತುಂಗಾಳ ಧ್ವನಿ ಗಟ್ಟಿಯಾಗಿತ್ತು. "ನಮ್ಮ ಸೋದರತ್ತೆ ಮನೇಲಿ ನನಗೆ ಎಲ್ಲಿ ಊಟ ಹಾಕ್ತಾರೆ ಗೊತ್ತಾ? ಹಿತ್ತಲ ಬಾಗಿಲ ಹತ್ರ. ಯಾರ್ಯಾರ್ದೋ ಹೇಲು ಉಚ್ಚೆ ಬಳಿಯೋಳು ಅಂತ. ಆಸ್ಪತ್ರೆಯಿಂದ ಬಂದು ಸ್ನಾನ ಮಾಡಿ, ಮಡಿ ಉಟ್ಕೊಂಡು ಹೋದ್ರೂ ಅಲ್ಲೇ. ನನ್ನ ನೋಡೋಕೆ ಬಂದ ಮೂರು ಗಂಡುಗಳೂ ನರ್ಸು ಅಂದ ತಕ್ಷಣ ಕಾಫಿ ಕುಡೀದೇ ಎದ್ದು ಹೋದ್ರು. ಅಲ್ಲಿ ಯಾರೋ ಗೊತ್ತಿಲ್ಲದವಳು ಬಾಗಿಲು ಹಾಕಿದ್ರೆ ಹಾಕ್ಲಿ ಬಿಡಿ. ಅವಳು ನನ್ನ ಅತ್ತೆ ಅಲ್ಲ."

"ಆದ್ರೂ..."

"ಹೋಗೋದು ಹೋಗ್ತೀನಿ. ಆದ್ರೆ ನೀವು ನನಗೆ ಮೊದಲೇ ಹೇಳಬೇಕಿತ್ತು." ಅವಳು ಎದ್ದು ಕಾಗದಗಳನ್ನು ಹಿಂದಕ್ಕೆ ಕೊಟ್ಟಳು. "ಎಲ್ಲ ಓದಿಕೊಂಡು ಹೋಗೋದಕ್ಕೂ, ಹೋಗಿ ಬಾಗಿಲಲ್ಲಿ ನಿಂತು ತಿಳಕೊಳ್ಳೋದಕ್ಕೂ ವ್ಯತ್ಯಾಸ ಇದೆ. ಅಪ್ಪಂಗೆ ಮಾತ್ರ ಒಂದಕ್ಷರ ಹೇಳಬೇಡಿ, ನನ್ನಾಣೆ."

ಏಪ್ರಿಲ್ ಕೊನೆಗೆ ತುಂಗಾ ಹೊರಟಳು. ಬೀದಿಯವರೆಲ್ಲ ಬಸ್ಸಿನ ತನಕ ಹೋದರು. ಲಕ್ಷ್ಮೀಪತಿ ಕೊನೆಯ ಗಳಿಗೆಯಲ್ಲಿ ಮಗಳಿಗೆ, "ಸಾಲಲ್ಲಿ ನಿಂತ್ಕೋಮ್ಮ, ನುಗ್ಗಬೇಡ" ಎಂದು ಬುದ್ಧಿ ಹೇಳಿದರು. ತುಂಗಾ ಅಂಬುಜಳ ಕಡೆ ನೋಡಲಿಲ್ಲ.

ಜುಲೈ ಮೊದಲ ವಾರ ಪದ್ಮನಾಭ ಬಂದ. ಹೋದಾಗಿನ ಕೋಟೇ ಮೈಮೇಲೆ ಜೋತಾಡುತ್ತಿತ್ತು. ಬಂದ ದಿನವೇ ಸಂಜೆ ಜಗಲಿ ತುಂಬಿತು. ಅವನು ಎಲ್ಲರಿಗೂ ಕೈ ಮುಗಿದು, ಅಪ್ಪನ ಪಕ್ಕದಲ್ಲಿ ಗೋಡೆಗೆ ಒರಗಿ ಕೂತ. ಅಂಬುಜ ಬಾಗಿಲ ಹಿಂದೆ ಕಾಫಿಯ ತಟ್ಟೆ ಹಿಡಿದು ನಿಂತಿದ್ದಳು. ಜಗಲಿ ತುಂಬುವ ಮೊದಲೇ ಅವನಿಗೆ ಎಲ್ಲ ಹೇಳಿಬಿಡಬೇಕೆಂದುಕೊಂಡಿದ್ದಳು. ಬೆಳಿಗ್ಗೆಯಿಂದ ಜನ ಬಿಟ್ಟಿರಲಿಲ್ಲ.

"ಆ ಯಜಮಾನಿ ಹೇಗಿದಾಳೋ?" ಎಂದು ಮೇಷ್ಟ್ರು ಮಗನ ಮೊಣಕಾಲು ತಡವಿ ಕೇಳಿದರು. "ಹೊರಡೋವಾಗ ಅತ್ತಿರಬೇಕು."

"ಯಾವ ಯಜಮಾನಿ ಅಪ್ಪ?"

"ಹಾಲು ಕೊಡ್ತಿದ್ಳಲ್ಲ ಕಣೋ."

"ಆರ್ಥರ್ ಮನೇಲಿ ಊಟಕ್ಕೆ ಏನು ಹಾಕಿದ್ರು ಸ್ವಾಮಿ?" ಎಂದರು ಲಕ್ಷ್ಮೀಪತಿ. "ಅದನ್ನ ನೀವು ಬರೀಲೇ ಇಲ್ಲ. ನಮ್ಮ ತುಂಗಾನೂ ಹಾಗೇ, ಎಲ್ಲ ಅರ್ಧಂಬರ್ಧ ಬರೀತಾಳೆ. ಎಲ್ಲರೂ ಒಳ್ಳೆಯವರು, ನಾನು ಕ್ಷೇಮ, ಅಷ್ಟೆ."

"ತುಂಗಾ ಲಂಡನ್ನಿಗೆ ಹೋದ್ಲಾ?" ಪದ್ಮನಾಭ ನೆಟ್ಟಗೆ ಕೂತ.

"ನಿಮ್ಮ ಕಾಗದ ಕೇಳಿಯೇ ಅಲ್ವೇ ನಾನು ಕಳಿಸಿದ್ದು!"

ಪದ್ಮನಾಭ ಮೆಲ್ಲನೆ ತಿರುಗಿ ಬಾಗಿಲ ಕಡೆ ನೋಡಿದ. ಅಂಬುಜ ತಟ್ಟೆಯನ್ನು ನೆಲಕ್ಕಿಟ್ಟಳು. ಅವನು ಮತ್ತೆ ಲಕ್ಷ್ಮೀಪತಿಯ ಕಡೆ ತಿರುಗಿ, "ಬಟಾಣಿ, ಆಲೂಗಡ್ಡೆ. ಬೇಯಿಸಿದ್ದು" ಎಂದ. ಜನ ನಕ್ಕರು. ಅವನೂ ನಗಲು ನೋಡಿದ.

ಎಲ್ಲರೂ ಹೋದ ಮೇಲೆ ಅವನು ಅಡಿಗೆಮನೆಗೆ ಬಂದು ಹೊಸ್ತಿಲ ಮೇಲೆ ನಿಂತ.

"ನಾನು ಬರೆದದ್ದನ್ನ ಓದಿದೆ ಅಂತ ಬರೆದಿದ್ಯಲ್ಲ?"

"ಓದಿದೆ. ಒಬ್ಬಳೇ ಓದಿದೆ."

"ಅಪ್ಪಂಗೆ?"

ಅವಳು ಇಲ್ಲವೆಂದು ತಲೆಯಾಡಿಸಿದಳು. "ಎಲ್ಲರೂ ಕೂತಿದ್ರು. ಅವರ ಮುಂದೆ ನೀವು... ನಿಮಗೆ ಅವಮಾನ ಆಗಬಾರದು ಅಂತ ಅಂದ್ಕೊಂಡೆ. ಆಮೇಲೆ ನಿಲ್ಲಿಸೋಕೆ ಆಗಲಿಲ್ಲ."

"ಅವಮಾನ ಆಗಿದ್ದು ನನಗೆ. ಅದನ್ನ ಯಾರಿಗೆ ಹೇಳಬೇಕು ಅಂತ ನಾನೇ ಬರೆದಿದ್ದೆ." ಅವನ ಧ್ವನಿ ಏರಲಿಲ್ಲ, ಅದಕ್ಕೇ ಅಂಬುಜಳಿಗೆ ಹೆದರಿಕೆಯಾಯಿತು. "ಒಂದೊಂದು ಉತ್ತರ ಬಂದಾಗಲೂ ಹುಡುಕ್ತಿದ್ದೆ. ಅಪ್ಪ ಒಂದು ಮಾತು ಬರೆಸಿರ್ತಾರೆ ಅಂತ. ನಲ್ಲಿ ಹಾಕಿದ್ರು, ಔಷಧಿ ಹಾಕಿದ್ರು. ಮೂರನೇದರಿಂದ ಒಂಬತ್ತನೇದರ ತನಕ ಅಷ್ಟೇ. ಇವನೇ ಏನೋ ಸರಿಯಾಗಿ ನಡಕೊಂಡಿಲ್ಲ ಅಂತ ಅಪ್ಪ ಬೇಜಾರು ಮಾಡ್ಕೊಂಡಿದಾರೆ ಅಂದ್ಕೊಂಡೆ ಅಂಬುಜಾ. ಆಮೇಲಾಮೇಲೆ ನನಗೂ ಹಾಗೇ ಅನ್ನಿಸೋಕೆ ಶುರುವಾಯ್ತು."

ಅವಳಿಗೆ ಇದು ಒಮ್ಮೆಯೂ ಹೊಳೆದಿರಲಿಲ್ಲ. ಬೀದಿಯ ಜನರ ಬಾಯಿ, ಮಾವನ ಸಂತೋಷ, ತುಂಗಾಳ ದಾರಿ ಎಲ್ಲವನ್ನೂ ಎಣಿಸಿದ್ದಳು. ಆ ಮಂಜಿನ ಊರಿನಲ್ಲಿ ಕಾಗದ ಒಡೆದು ಅಪ್ಪನ ಒಂದು ಸಾಲಿಗಾಗಿ ಹುಡುಕುವ ಗಂಡ ಅವಳ ಕಣ್ಣಿಗೆ ಬಿದ್ದೇ ಇರಲಿಲ್ಲ.

ಮಾರನೆಯ ದಿನ ಊಟವಾದ ಮೇಲೆ ಪದ್ಮನಾಭ ಪೇಟೆಗೆ ಹೋದ. ಅಂಬುಜ ಡಬ್ಬಿ ತೆಗೆದು ಕಾಗದಗಳನ್ನು ತಂದು ಮಾವನ ಮುಂದೆ ನೆಲದ ಮೇಲೆ ಕೂತಳು.

"ಮಾವ, ನಾನು ನಿಮಗೆ ಸುಳ್ಳು ಓದಿದೆ. ಇವರು ಬರೆದದ್ದು ಬೇರೆ."

ಮೇಷ್ಟ್ರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದಾಗ ಅವರ ಮುಖ ಬಿಗಿಯಾಯಿತು. "ನನ್ನ ಮಗನ ಕಾಗದಾನ ನನಗೆ ಬಚ್ಚಿಟ್ಯಾ? ಕುರುಡ ಅಂತ?" ಎಂದರು. ಅವರು ಎದ್ದು ಗೋಡೆ ಹಿಡಿದು ಒಳಗೆ ಹೋದರು, ಮತ್ತೆ ಹೊರಗೆ ಬಂದರು, ಕೂತರು.

"ಮೊದಲಿಂದ ಓದು. ಒಂದಕ್ಷರ ಬಿಡಕೂಡದು."

ಅವಳು ಓದಿದಳು. ಕೆಲವು ಕಡೆ ಧ್ವನಿ ಒಡೆಯಿತು, ಆದರೂ ನಿಲ್ಲಿಸಲಿಲ್ಲ. ಕಿಟಕಿಯ ಚೀಟಿ, ಕೆಂಪಾದ ಮುಖ, ಸಂತೆಯ ಆರ್ಥರ್, ಬಸ್ಸಿನಲ್ಲಿ ಪಕ್ಕದ ಸೀಟು ಖಾಲಿಯಿದ್ದರೂ ನಿಂತೇ ಹೋದ ಹೆಂಗಸು. ಏಳನೆಯ ಕಾಗದದ ಐರಿಷ್ ವಿಧವೆ, ಯಾರೂ ಕೊಡದ ಕೋಣೆ ಕೊಟ್ಟವಳು. ಅವಳೂ ಹಾಲಿನ ವಿಷಯವೇನೂ ಕೇಳಿರಲಿಲ್ಲ. ಮೇಷ್ಟ್ರು ಕಣ್ಣು ಮುಚ್ಚಿ, ಮೊಣಕಾಲನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. 'ಅಪ್ಪನಿಗೆ ಓದಿ ಹೇಳು' ಎಂಬ ಮಾತು ಬಂದಾಗಲೆಲ್ಲ ಅವರ ತಲೆ ಸ್ವಲ್ಪ ತಗ್ಗುತ್ತಿತ್ತು. ಬೀದಿಯಲ್ಲಿ ಬಿಸಿಲು ಇಳಿಯಿತು. ಯಾರೋ ಜಗಲಿಯ ಹತ್ತಿರ ಬಂದವರು ಅವರ ಮುಖ ನೋಡಿ ಹೊರಟುಹೋದರು.

ಒಂಬತ್ತೂ ಮುಗಿದ ಮೇಲೆ ಮೇಷ್ಟ್ರು ಕೇಳಿದ್ದು ಒಂದೇ ಮಾತು.

"ಟ್ರಂಕು ಹೊತ್ಕೊಂಡು ಹೋದಾಗ ಬಾಗಿಲು ಹಾಕಿದ್ಲಲ್ಲ, ಅವತ್ತು ರಾತ್ರಿ ಇವನು ಎಲ್ಲಿ ಮಲಗಿದ್ದ?"

ಅಂಬುಜ ಐದನೆಯ ಕಾಗದವನ್ನು ಮತ್ತೆ ತೆಗೆದು ನೋಡಿದಳು. "ಬರೆದಿಲ್ಲ ಮಾವ."

ಪದ್ಮನಾಭ ಪೇಟೆಯಿಂದ ಬಂದಾಗ ಹೊತ್ತು ಮುಳುಗಿರಲಿಲ್ಲ. ಚಪ್ಪಲಿ ಬಿಡುತ್ತಾ, ನೆಲದ ಮೇಲೆ ಹರಡಿದ್ದ ನೀಲಿ ಕಾಗದಗಳನ್ನು ಕಂಡು ನಿಂತುಬಿಟ್ಟ. ಮೇಷ್ಟ್ರು ಅವನ ಹೆಜ್ಜೆಯ ಸದ್ದು ಬಂದ ಕಡೆಗೆ ಮುಖ ತಿರುಗಿಸಿ ಅದೇ ಪ್ರಶ್ನೆ ಕೇಳಿದರು.

"ಎಲ್ಲೂ ಮಲಗಲಿಲ್ಲ ಅಪ್ಪ" ಎಂದ ಅವನು. "ರೈಲ್ವೆ ಸ್ಟೇಷನ್ನಲ್ಲಿ ಟ್ರಂಕಿನ ಮೇಲೆ ಕೂತಿದ್ದೆ."

"ಚಳಿ ಇತ್ತಾ?"

"ಇತ್ತು."

"ಬೆಳಗಿನ ತನಕ?"

"ಬೆಳಗಿನ ತನಕ. ಎರಡು ಸಲ ಪೊಲೀಸಿನವನು ಬಂದು ಎಬ್ಬಿಸಿದ."

ಮೇಷ್ಟ್ರು ತಮ್ಮ ಪಕ್ಕದ ಜಾಗವನ್ನು ಅಂಗೈಯಿಂದ ಒರೆಸಿದರು. "ಕೂತ್ಕೋ" ಎಂದರು. "ಅವನು ಏನಂದ, ನೀನು ಏನಂದೆ, ಎಲ್ಲ ಹೇಳು."

ಪದ್ಮನಾಭ ಕೂತ. ಅಂಬುಜ ಎದ್ದು ಒಳಗೆ ಹೋಗಲು ನೋಡಿದಳು. ಅವನು ಅವಳ ಕಡೆ ನೋಡದೆಯೇ, "ನೀನೂ ಕೂತ್ಕೊಂಡು ಕೇಳು" ಎಂದ. ಅವನ ಕೋಪ ಇಳಿದಿತ್ತೋ ಇಲ್ಲವೋ ಅವಳಿಗೆ ತಿಳಿಯಲಿಲ್ಲ. ಬಾಗಿಲ ಪಕ್ಕದಲ್ಲಿ, ಗೋಡೆಗೆ ಒರಗದೆ, ಕೂತಳು.